ಬಯಾಲಜಿ ಲ್ಯಾಬ್‌ಗೆ ಬೇಕಾದ ಕೆಮಿಸ್ಟ್ರಿ: ಮೋಲ್, ದ್ರಾವಣ, ಪಿಎಚ್

ಬಯಾಲಜಿ ಶುರು ಮಾಡಿದವರಿಗೆ ಕೆಮಿಸ್ಟ್ರಿ ಪೂರ್ತಿ ಬೇಕಿಲ್ಲ. ಮೋಲ್, ಮೊಲಾರಿಟಿ, ಪಿಎಚ್, ಬಫರ್ ಇಷ್ಟು ಗಟ್ಟಿಯಾದರೆ ಲ್ಯಾಬ್‌ನಲ್ಲಿ ಕೈ ಧೈರ್ಯವಾಗಿ ಓಡುತ್ತದೆ. ಇವನ್ನು ಕಲಿಯಲು ದ್ರಾವಣ ತಯಾರಿಸುವುದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಜೀವಕೋಶದಲ್ಲಿ ಮುಖ್ಯವಾಗುವುದು ಕಣಗಳ ಸಂಖ್ಯೆ, ಆದರೆ ತಕ್ಕಡಿ ತೋರಿಸುವುದು ತೂಕ. ಎರಡನ್ನೂ ಜೋಡಿಸುವುದೇ ಮೋಲ್, ಅಂದರೆ ನಿಗದಿತ ಸಂಖ್ಯೆಯ ಕಣಗಳ ಒಂದು ಗುಂಪು. ಒಂದು ಮೋಲ್ ಸೋಡಿಯಂ ಕ್ಲೋರೈಡ್‌ನ ತೂಕ 58.44 ಗ್ರಾಂ. ಒಂದು ಲೀಟರ್ ದ್ರಾವಣದಲ್ಲಿ ಅಷ್ಟು ಇದ್ದರೆ ಅದು 1 ಮೊಲಾರ್. ಬೇಕಾದ ಗ್ರಾಂ ಎಷ್ಟೆಂದು ತಿಳಿಯಲು ಮೊಲಾರಿಟಿ, ಲೀಟರ್, ಒಂದು ಮೋಲ್‌ನ ತೂಕ ಈ ಮೂರನ್ನೂ ಗುಣಿಸಿ. 0.15 ಮೊಲಾರ್‌ನ 500 ಮಿ.ಲೀ.ಗೆ 0.15 × 0.5 × 58.44, ಅಂದರೆ 4.38 ಗ್ರಾಂ.

ಬೀಕರ್‌ನಲ್ಲಿ ಸುಮಾರು 400 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಈ ಉಪ್ಪು ಹಾಕಿ ಪೂರ್ತಿ ಕರಗಿಸಿ. 500 ಮಿ.ಲೀ. ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ಗೆ ಸುರಿಯಿರಿ. ಬೀಕರನ್ನು ಸ್ವಲ್ಪ ನೀರಿನಲ್ಲಿ ಎರಡು ಸಲ ತೊಳೆದು ಆ ನೀರನ್ನೂ ಸೇರಿಸಿ. ಆಮೇಲೆ ಗೆರೆಯವರೆಗೆ ನೀರು ತುಂಬಿ. ಕಣ್ಣು ಗೆರೆಯ ಮಟ್ಟದಲ್ಲೇ ಇರಲಿ, ನೀರಿನ ಬಾಗಿದ ಮೇಲ್ಮೈಯ ತಳ ಗೆರೆಗೆ ತಾಗಲಿ. ಮುಚ್ಚಳ ಹಾಕಿ ಹತ್ತಾರು ಸಲ ತಲೆಕೆಳಗೆ ಮಾಡಿ ಬೆರೆಸಿ.

ಮೊದಲೇ 500 ಮಿ.ಲೀ. ನೀರು ಅಳೆದು ಉಪ್ಪು ಸುರಿಯುವುದು ತಪ್ಪು. ಕರಗಿದ ವಸ್ತುವೂ ಜಾಗ ಹಿಡಿಯುತ್ತದೆ. ಇಷ್ಟು ಕಡಿಮೆ ಉಪ್ಪಿನಲ್ಲಿ ವ್ಯತ್ಯಾಸ ಕಾಣದಿರಬಹುದು, ಆದರೆ ಒಂದು ಲೀಟರ್ ನೀರಿಗೆ ಒಂದು ಮೋಲ್ ಸುಕ್ರೋಸ್ (342.3 ಗ್ರಾಂ) ಹಾಕಿದರೆ ದ್ರಾವಣ ಸುಮಾರು 1.2 ಲೀಟರ್ ಆಗುತ್ತದೆ. 1 ಮೊಲಾರ್ ಎಂದುಕೊಂಡದ್ದು 0.83ರ ಆಸುಪಾಸಿಗೆ ಇಳಿಯುತ್ತದೆ.

ಬಾಟಲಿಯ ಲೇಬಲ್ ಓದದೆ ತೂಗಲೇಬೇಡಿ. ನೀರಿಲ್ಲದ ಕ್ಯಾಲ್ಸಿಯಂ ಕ್ಲೋರೈಡ್‌ನ ಒಂದು ಮೋಲ್ 110.98 ಗ್ರಾಂ, ಡೈಹೈಡ್ರೇಟ್‌ನದು (ಎರಡು ನೀರಿನ ಅಣುಗಳನ್ನು ಹಿಡಿದಿಟ್ಟುಕೊಂಡ ರೂಪ) 147.01 ಗ್ರಾಂ. ಎರಡನ್ನೂ ಅದಲುಬದಲು ಮಾಡಿದರೆ ಪ್ರಯೋಗ ಕೈಕೊಡುತ್ತದೆ, ಕಾರಣ ಹುಡುಕುತ್ತಾ ದಿನಗಳೇ ಹೋಗುತ್ತವೆ.

ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಎರಡು ಅಯಾನುಗಳಾಗಿ (ವಿದ್ಯುದಾವೇಶವಿರುವ ಕಣಗಳಾಗಿ) ಒಡೆಯುತ್ತದೆ, ಗ್ಲೂಕೋಸ್ ಒಡೆಯುವುದಿಲ್ಲ. ಹಾಗಾಗಿ 0.15 ಮೊಲಾರ್ ಉಪ್ಪಿನ ದ್ರಾವಣದಲ್ಲಿ ಸುರಕ್ಷಿತವಾಗಿರುವ ಕೆಂಪು ರಕ್ತಕಣಗಳಿಗೆ 0.15 ಮೊಲಾರ್ ಗ್ಲೂಕೋಸ್ ಸಾಲದು. ನೀರು ಒಳನುಗ್ಗಿ ಕಣಗಳು ಉಬ್ಬುತ್ತವೆ.

ದ್ರಾವಣ ಎಷ್ಟು ಆಮ್ಲೀಯ ಎಂದು ತೋರಿಸುವ ಪಿಎಚ್ ಲಾಗರಿದಮ್ ಅಳತೆ ಎನ್ನುವುದನ್ನು ಮರೆಯಬಾರದು. ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಹತ್ತು ಪಟ್ಟು ಏರುತ್ತದೆ. ರಕ್ತದ ಪಿಎಚ್ 7.4ರಿಂದ 7.1ಕ್ಕೆ ಬಂದರೆ ಆ ಸಾಂದ್ರತೆ ಸುಮಾರು ಇಮ್ಮಡಿಯಾಗಿದೆ ಎಂದರ್ಥ. ಸಂಖ್ಯೆ ಚಿಕ್ಕದು, ದೇಹಕ್ಕೆ ಪೆಟ್ಟು ದೊಡ್ಡದು.

ಈ ಏರಿಳಿತವನ್ನು ತಡೆಯುವುದು ಬಫರ್. ತನ್ನ ಪಿಕೆಎಗಿಂತ (ಬಫರ್‌ನ ಆಮ್ಲ ರೂಪ ಮತ್ತು ಬೇಸ್ ರೂಪ ಸಮನಾಗಿರುವ ಪಿಎಚ್) ಒಂದು ಅಂಕ ಮೇಲೆ ಅಥವಾ ಕೆಳಗಿನವರೆಗಷ್ಟೇ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಯಾಲಜಿ ಲ್ಯಾಬ್‌ಗಳಲ್ಲಿ ಹೆಚ್ಚು ಬಳಸುವ ಬಫರ್ ಟ್ರಿಸ್‌ನ ಪಿಕೆಎ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 8.1. ಒಂದು ಲೀಟರ್ 1 ಮೊಲಾರ್ ಟ್ರಿಸ್‌ಗೆ 121.14 ಗ್ರಾಂ ಟ್ರಿಸ್ ಬೇಸನ್ನು 800 ಮಿ.ಲೀ. ನೀರಿನಲ್ಲಿ ಕರಗಿಸಿ. ಪಿಎಚ್ ಮೀಟರನ್ನು 7 ಮತ್ತು 10ರ ಬಫರ್‌ಗಳಲ್ಲಿ ಕ್ಯಾಲಿಬ್ರೇಟ್ ಮಾಡಿ. ಎಲೆಕ್ಟ್ರೋಡ್ ತೊಳೆದ ಮೇಲೆ ಟಿಶ್ಯೂ ಒತ್ತಿ ನೀರು ಹೀರಿಸಿ, ಉಜ್ಜಬೇಡಿ.

ಫ್ಯೂಮ್ ಹುಡ್‌ನಲ್ಲಿ, ಕನ್ನಡಕ ಮತ್ತು ಗ್ಲೌಸ್ ಹಾಕಿಕೊಂಡು, ಕಲಕುತ್ತಲೇ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ. ಪಿಎಚ್ 8.0ಕ್ಕೆ ಸುಮಾರು 42 ಮಿ.ಲೀ. ಹಿಡಿಯುತ್ತದೆ. ಕೊನೆಯ ಕೆಲವು ಮಿ.ಲೀ. ಹನಿಹನಿಯಾಗಿ ಬೀಳಲಿ. ಆಮ್ಲ ಸೇರಿದಾಗ ದ್ರಾವಣ ಬಿಸಿಯಾಗುತ್ತದೆ; ತಣ್ಣಗಾದ ಮೇಲೆ ಮತ್ತೆ ಅಳೆದು ಸರಿಪಡಿಸಿ, ಆಮೇಲೆ ಒಂದು ಲೀಟರ್ ಮಾಡಿ. ಪಿಎಚ್ ತೀರಾ ಕೆಳಗಿಳಿದರೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಮೇಲೆತ್ತುವ ಬದಲು ಹೊಸದಾಗಿ ಮಾಡುವುದೇ ಲೇಸು, ಇಲ್ಲದಿದ್ದರೆ ಬೇಡದ ಉಪ್ಪು ದ್ರಾವಣದಲ್ಲೇ ಉಳಿಯುತ್ತದೆ.

ಟ್ರಿಸ್‌ನ ಪಿಎಚ್ ಒಂದೊಂದು ಡಿಗ್ರಿ ತಣ್ಣಗಾದಂತೆ ಸುಮಾರು 0.03 ಏರುತ್ತದೆ. 25 ಡಿಗ್ರಿಯಲ್ಲಿ 8.0 ಇದ್ದದ್ದು 4 ಡಿಗ್ರಿಯ ಕೋಲ್ಡ್ ರೂಮ್‌ನಲ್ಲಿ 8.6ರ ಹತ್ತಿರ ಇರುತ್ತದೆ. ಆದ್ದರಿಂದ ಬಳಸುವ ಉಷ್ಣಾಂಶದಲ್ಲೇ ಪಿಎಚ್ ಹೊಂದಿಸಿ, ಆ ಉಷ್ಣಾಂಶವನ್ನು ಬಾಟಲಿಯ ಮೇಲೆ ಸಾಂದ್ರತೆ, ಪಿಎಚ್, ದಿನಾಂಕದ ಜೊತೆಗೇ ಬರೆಯಿರಿ.