ಕೊಳವೆ ರೈಲಿಗೆ ಗುರು–ಲಘು: ಕೈಪಟ್ಟಿಯಿಂದ ಹುಟ್ಟಿದ ಲೋಗೊ

ಮುಂಬೈ–ಪುಣೆ ಕೊಳವೆ ರೈಲಿಗೆಂದು (ಹೈಪರ್‌ಲೂಪ್: ಗಾಳಿ ತೆಗೆದ ಕೊಳವೆಯೊಳಗೆ ಓಡುವ ರೈಲು) ಲೋಗೊ ಮತ್ತು ಪ್ರಯಾಣಿಕರ ಕೈಗೆ ಮಿಡಿದು ಸೂಚನೆ ಕೊಡುವ ಕೈಪಟ್ಟಿ ವಿನ್ಯಾಸ ಮಾಡಲು ಕೂತಾಗ ಮೊದಲು ಕೈಕೊಟ್ಟದ್ದು ಬಣ್ಣ. ಮುಂಬೈ ಮೆಟ್ರೊದ ಒಂದರಿಂದ ಏಳನೆಯ ಮಾರ್ಗದವರೆಗೆ ನೀಲಿ, ಹಳದಿ, ಆಕ್ವಾ, ಹಸಿರು, ಕಿತ್ತಳೆ, ಗುಲಾಬಿ, ಕೆಂಪು ಹಂಚಿಹೋಗಿವೆ. ಪುಣೆಯಲ್ಲಿ ನೇರಳೆಯೂ ಖರ್ಚಾಗಿದೆ. ಇನ್ನುಳಿದದ್ದು ಕಂದು, ಬೂದು. ಅವನ್ನು ಯಾವ ಗಿರಾಕಿಯೂ ಒಪ್ಪುವುದಿಲ್ಲ. ಹಾಗಾಗಿ ಬಣ್ಣವನ್ನು ಬದಿಗಿಟ್ಟು, ಕೈಗೆ ತಾಕುವ ಲಯದಿಂದ ಲೋಗೊ ಕಟ್ಟಿದೆ.

ನನ್ನ ಈ ಕೆಲಸ ಕಲ್ಪನೆಯದ್ದೇ, ರೈಲಿನ್ನೂ ಹುಟ್ಟಿಲ್ಲ. ಮುಂಬೈಯ ಬಿಕೆಸಿಯಿಂದ ಪುಣೆಯ ವಾಕಡ್‌ವರೆಗಿನ 117.5 ಕಿ.ಮೀ. ಹೈಪರ್‌ಲೂಪ್‌ಗೆ ಮಹಾರಾಷ್ಟ್ರ ಸರ್ಕಾರ 2019ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಅದನ್ನು ಮುಂದಿಟ್ಟಿದ್ದ ಕಂಪನಿ 2023ರ ಕೊನೆಗೆ ಬಾಗಿಲು ಹಾಕಿತು. ಅಭ್ಯಾಸಕ್ಕೆ ಮಾತ್ರ ಆ ಮಾರ್ಗ ಸೊಗಸು. ಲೋಹದ ಕೊಳವೆಯೊಳಗೆ ಜಿಪಿಎಸ್ ಸಿಗದು. ಕಿಟಕಿಯಿಂದ ಇಣುಕಿ ‘ಲೋಣಾವಳ ಬಂತಾ’ ಎಂದು ನೋಡುವಂತಿಲ್ಲ. ಇಳಿಯುವ ಹೊತ್ತಾಯಿತೆಂದು ಕೈಯೇ ಹೇಳಬೇಕು.

ಮೂರು ಸೂಚನೆ ಸಾಕು: ಹತ್ತು, ಇಳಿ, ನಿಲ್ಲು. ಇವಕ್ಕೆ ಶಾಲೆಯಲ್ಲಿ ಪ್ರಸ್ತಾರ ಹಾಕಿದ ಗಣಗಳನ್ನೇ ಎತ್ತಿಕೊಂಡೆ. ‘ಹತ್ತಿರಿ’ ಎಂದರೆ ಗುರು-ಲಘು-ಲಘು, ಭಗಣ. ‘ಇಳಿಯೋ’ ಲಘು-ಲಘು-ಗುರು, ಸಗಣ. ‘ನಿಲ್ಲಲ್ಲೇ’ ಮೂರೂ ಗುರು, ಮಗಣ. ಮರಾಠಿ ಛಂದಸ್ಸಿನಲ್ಲೂ ಇವೇ ಗಣಗಳಿರುವುದರಿಂದ ಪುಣೆಯವರಿಗೆ ವಿವರಿಸುವುದು ಕಷ್ಟವಾಗಲಿಲ್ಲ. ಕನ್ನಡ ಬಾರದವರಿಗೂ ಅಡ್ಡಿಯಿಲ್ಲ. ಕೈಗೆ ತಾಕುವುದು ಲಯ ಮಾತ್ರ.

ಛಂದಸ್ಸಿನ ಲೆಕ್ಕದಲ್ಲಿ ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಕೈಗೆ ಅದು ಸಾಲದು. 200 ಮತ್ತು 100 ಮಿಲಿಸೆಕೆಂಡು ಇಟ್ಟು ದಾದರ್–ಕಲ್ಯಾಣ್ ಲೋಕಲ್‌ನಲ್ಲಿ ನಿಂತು ನೋಡಿದರೆ ಎರಡೂ ಒಂದೇ ಅನಿಸುತ್ತವೆ. ಕೊನೆಗೆ ಗುರು 400, ಲಘು 100, ನಡುವಿನ ಬಿಡುವು 150ಕ್ಕೆ ನಿಂತಿತು. ಬಿಡುವು ಇದಕ್ಕಿಂತ ಕಡಿಮೆಯಾದರೆ ಎರಡು ಲಘು ಕೂಡಿಕೊಂಡು ಒಂದಾಗುತ್ತವೆ.

ಮೋಟಾರಿನ ಆಯ್ಕೆಯೂ ಇಲ್ಲೇ ತೀರ್ಮಾನವಾಗುತ್ತದೆ. ಅಗ್ಗದ ನಾಣ್ಯದಾಕಾರದ ಮೋಟಾರಿನಲ್ಲಿ ಒಂದು ತೂಕ ಗಿರಗಿರ ತಿರುಗಬೇಕು. ಅದು ವೇಗ ಹಿಡಿಯಲು 50ರಿಂದ 100 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಲಘು ಮುಗಿದೇಹೋಗಿರುತ್ತದೆ. ಆದ್ದರಿಂದ 10 ಮಿ.ಮೀ.ನ ಎಲ್‌ಆರ್‌ಎ (ತೂಕ ತಿರುಗದೆ ಹಿಂದೆ ಮುಂದೆ ಕಂಪಿಸುವ, ಬೇಗ ಮಿಡಿಯುವ ಮೋಟಾರ್), ಅದನ್ನು ಓಡಿಸಲು ಡಿಆರ್‌ವಿ2605ಎಲ್ ಚಿಪ್. ಈ ಚಿಪ್‌ನ ಸ್ವಯಂ ಹೊಂದಾಣಿಕೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟು ಮಾಡಿದರೆ ದಂಡ. ಸಿಲಿಕೋನ್ ಮುಚ್ಚಿ, ಕೈಗೆ ಕಟ್ಟಿದ ಮೇಲೆ ಮಾಡಬೇಕು, ಏಕೆಂದರೆ ಬಿಗಿಯಾಗಿ ಕೂತ ಮೇಲೆ ಅದರ ಸಹಜ ಕಂಪನವೇ ಬದಲಾಗಿರುತ್ತದೆ.

ಇನ್ನು ಲೋಗೊ. ಭಗಣವನ್ನು ಒಟ್ಟು ಕೂಡಿಸಿದರೆ 900 ಮಿಲಿಸೆಕೆಂಡು. ಅದೇ ಅಳತೆಯನ್ನು ಉದ್ದಕ್ಕೆ ತಿರುಗಿಸಿದೆ: 4 ಪಾಲು ಪಟ್ಟೆ, 1.5 ಖಾಲಿ, 1 ಪಾಲು ಚೌಕ, 1.5 ಖಾಲಿ, 1 ಪಾಲು ಚೌಕ. ಒಟ್ಟು 9 ಪಾಲು. ಪಾಲಿಗೆ 2 ಮಿ.ಮೀ. ಇಟ್ಟರೆ 18 ಮಿ.ಮೀ.; 20 ಮಿ.ಮೀ. ಅಗಲದ ಪಟ್ಟಿಗೆ ಅಡ್ಡಲಾಗಿ ಸರಿಯಾಗಿ ಕೂರುತ್ತದೆ. ಮೊದಲು ಲಘುವಿಗೆ ಪ್ರಸ್ತಾರದ ಬಟ್ಟಲಿನ ಗುರುತನ್ನೇ ಇಟ್ಟಿದ್ದೆ, ನೋಡಲು ಚೆಂದ. ಆದರೆ ಆ ಗಾತ್ರದಲ್ಲಿ ಬಟ್ಟಲು ತುಂಬಿಕೊಂಡು ಬರೀ ಗುಬುಟಾಯಿತು. ಗುರುತು ಉಬ್ಬಿರಬೇಕು, 0.6 ಮಿ.ಮೀ.; ಒಳಗೆ ಕೊರೆದರೆ ಬೆವರಿನ ಕೊಳೆ ಸೇರುತ್ತದೆ.

ಇದನ್ನು ತಿರುಗಿಸಿ ಹಿಡಿದರೆ ಭಗಣ ಸಗಣವಾಗುತ್ತದೆ. ಕೈಪಟ್ಟಿಯನ್ನು ತಲೆಕೆಳಗಾಗಿ ಕಟ್ಟಿದವರಿಗೆ ‘ಹತ್ತಿರಿ’ ಹೋಗಿ ‘ಇಳಿಯೋ’. ಹಾಗಾಗಬಾರದೆಂದು ಕೊಂಡಿ ಒಂದೇ ಕಡೆಯಿಂದ ಕೂರುವಂತೆ ಕಚ್ಚು ಕೊಟ್ಟೆ. ಗಾಜಿನ ಗೇಟಿನಲ್ಲಿ ಮಾತ್ರ ಇದೇ ದೋಷ ವರವಾಯಿತು: ಒಂದೇ ಸ್ಟಿಕರ್, ಒಳಬರುವವರಿಗೆ ಗುರು ಮೊದಲು, ಆಚೆಯಿಂದ ಹೊರಹೋಗುವವರಿಗೆ ಲಘು ಮೊದಲು. ಫಲಕಗಳಲ್ಲಿ ಇನ್ನೊಂದು ತೊಡಕು. ದೇವನಾಗರಿಯ ಪಕ್ಕದಲ್ಲಿ ಲೋಗೊ ಇಟ್ಟರೆ ಉದ್ದ ಪಟ್ಟೆ ಅಕ್ಷರಗಳ ಮೇಲಿನ ಶಿರೋರೇಖೆಗೆ ಅಂಟಿಕೊಂಡು ಇನ್ನೊಂದು ಅಕ್ಷರದ ಹಾಗೆ ಕಾಣುತ್ತದೆ. ಅಕ್ಷರದ ನಡು ಎತ್ತರಕ್ಕೆ ಇಳಿಸಿ, 2 ಪಾಲು ಜಾಗ ಬಿಟ್ಟರೆ ಸರಿ.

ಬ್ಯಾಟರಿಗೆ ಬಟನ್ ಸೆಲ್ ಬೇಡ. ಸಿಆರ್2032ರಲ್ಲಿ 220 ಎಂಎಎಚ್ ಇದ್ದರೂ ಮೋಟಾರ್ ಎಳೆದ ತಕ್ಷಣ ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗುತ್ತದೆ. 4×12×30 ಮಿ.ಮೀ.ನ, ಸುಮಾರು 110 ಎಂಎಎಚ್ ಲಿಥಿಯಂ ಪಾಲಿಮರ್ ಹಾಕಿದೆ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ಟಿಪಿ4056 ಚಾರ್ಜರ್ ಬೋರ್ಡು ಸಾಮಾನ್ಯವಾಗಿ 1.2 ಕಿಲೋ ಓಮ್ ರೆಸಿಸ್ಟರ್‌ನೊಂದಿಗೆ ಬರುತ್ತದೆ. ಅದು 1 ಆಂಪ್ ಹರಿಸುತ್ತದೆ. ಇಷ್ಟು ಪುಟ್ಟ ಸೆಲ್ ಅದಕ್ಕೆ ಊದಿಕೊಳ್ಳುತ್ತದೆ. ಅದನ್ನು ಕಿತ್ತು 10 ಕಿಲೋ ಓಮ್ ಹಾಕಿದರೆ ಸುಮಾರು 130 ಮಿಲಿಆಂಪ್‌ಗೆ ಇಳಿಯುತ್ತದೆ. ಇದು ಈ ಸೆಲ್‌ನ 1ಸಿಗಿಂತ, ಅಂದರೆ ಗಂಟೆಗೆ ಪೂರ್ತಿ ತುಂಬುವ ದರಕ್ಕಿಂತ, ತುಸು ಹೆಚ್ಚೇ; ಸೆಲ್ ಅಷ್ಟು ಚಾರ್ಜ್ ತಡೆದೀತೇ ಎಂದು ಕೇಳಿಯೇ ಕೊಳ್ಳಿ. ಅರ್ಧಕ್ಕೆ ಇಳಿಸಿದರೆ ಇನ್ನೂ ಕ್ಷೇಮ.

ಚಾರ್ಜ್ ತಿನ್ನುವುದು ಮೋಟಾರ್ ಅಲ್ಲ. ದಿನಕ್ಕೆ ಇಪ್ಪತ್ತು ಸಲ ಮಿಡಿದರೂ ಕಾಲು ಎಂಎಎಚ್ ಆಸುಪಾಸು. ತಿನ್ನುವುದು ಬ್ಲೂಟೂತ್‌ನ ಕಿವಿ. ಬ್ಲೂಟೂತ್ ಚಿಪ್ ಎನ್‌ಆರ್‌ಎಫ್52832 ಆಲಿಸುತ್ತಲೇ ಇದ್ದರೆ 5.4 ಮಿಲಿಆಂಪ್, ಅಂದರೆ 20 ಗಂಟೆಗೆ ಬ್ಯಾಟರಿ ಖಾಲಿ. ಸೆಕೆಂಡಿಗೆ 30 ಮಿಲಿಸೆಕೆಂಡು ಮಾತ್ರ ಆಲಿಸಿದರೆ ನಿಲ್ದಾಣವೇ ತಪ್ಪಿಹೋಗಬಹುದು, ಏಕೆಂದರೆ ನಿಲ್ದಾಣ ತಿಳಿಸುವ ಬೋಗಿಯ ಬೀಕನ್ (ಬ್ಲೂಟೂತ್ ಸಂಕೇತ ಬಿಡುವ ಪುಟ್ಟ ಸಾಧನ) ಕೂಗುವುದು 100 ಮಿಲಿಸೆಕೆಂಡಿಗೊಮ್ಮೆ. ಆಲಿಸುವ ಹೊತ್ತು ಕೂಗಿನ ಅಂತರಕ್ಕಿಂತ ಹೆಚ್ಚಿರಬೇಕು. 120 ಇಟ್ಟೆ. ಲೆಕ್ಕದಲ್ಲಿ ಒಂದು ವಾರ, ಕೈಯಲ್ಲಿ ನಾಲ್ಕೈದು ದಿನ.

ಟಿಕೆಟ್‌ಗೆ ಎನ್‌ಎಫ್‌ಸಿ, ಅಂದರೆ ಗೇಟಿನ ಹತ್ತಿರ ಹಿಡಿದರೆ ಓದಿಕೊಳ್ಳುವ ರೇಡಿಯೊ ಚಿಪ್. ಆಂಟೆನಾ ಬ್ಯಾಟರಿಯ ಮೇಲೆಯೇ ಕೂತರೆ ಗೇಟು ಓದುವುದೇ ಇಲ್ಲ. ನಡುವೆ ಬ್ಯಾಟರಿಯ ಲೋಹದ ಅಡ್ಡಿ ತಡೆಯುವ ಫೆರೈಟ್ ಹಾಳೆ ಬೇಕು. ಮಾದರಿಗೆ ಎನ್‌ಟ್ಯಾಗ್ 215 ಎಂಬ ಸಾದಾ ಚಿಪ್ ಸಾಕು. ನಿಜವಾದ ದುಡ್ಡು ಓಡಾಡುವಲ್ಲಿ ಅದು ಬೇಡ, ಸುಲಭವಾಗಿ ನಕಲಾಗುತ್ತದೆ. ಡೆಸ್‌ಫೈರ್ ತರಹದ, ಎಇಎಸ್ ಗೂಢಲಿಪಿಯ ಚಿಪ್ಪೇ ಆಗಬೇಕು.

ಅಚ್ಚಿನಲ್ಲೂ ಪೆಟ್ಟು ತಿಂದೆ. ರೆಸಿನ್ ಪ್ರಿಂಟರಿನಲ್ಲಿ ತೆಗೆದ ಅಚ್ಚಿಗೆ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಬಗೆ) ಹೊಯ್ದರೆ ಅಚ್ಚಿಗೆ ತಾಗಿದ ಮೈ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುತ್ತದೆ; ರೆಸಿನ್‌ನಲ್ಲಿ ಉಳಿದ ರಾಸಾಯನಿಕ ಅದನ್ನು ಕೆಡಿಸುತ್ತದೆ. ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಅಚ್ಚು ತೆಗೆದು, ಪದರದ ಗೆರೆಗಳನ್ನು ಉಜ್ಜಿ ಹೊಯ್ದ ಮೇಲೆ ಸಲೀಸಾಗಿ ಬಿಟ್ಟುಬಂತು.

ಡೊಂಬಿವಲಿಯಲ್ಲಿ ಕಟ್ಟಿ ನೋಡಿದ ಅಕ್ಕನೊಬ್ಬರು ಕೈಯೆತ್ತಿ, “ಬಳೆ ಎಲ್ಲಿ ಹಾಕ್ಕೊಳ್ಳಲಿ?” ಎಂದರು. ಚಿನ್ನದ ಬಳೆ ಆಂಟೆನಾ ಮೇಲೆ ಸರಿದರೆ ಗೇಟು ತೆರೆಯದು. ಗೇಟಿನ ರೀಡರ್ ಇರುವುದೂ ಬಲಕ್ಕೆ, ಜನ ಕಟ್ಟಿಕೊಳ್ಳುವುದು ಎಡಕ್ಕೆ; ಮೈ ತಿರುಗಿಸುವಷ್ಟರಲ್ಲಿ ಹಿಂದಿನ ಸಾಲು ನಿಲ್ಲುತ್ತದೆ. ಈಗ ಯಂತ್ರದ ಭಾಗವನ್ನು ಪಟ್ಟಿಯಿಂದ ಬಿಡಿಸಿ ಸೆರಗಿಗೋ ಚೀಲದ ಪಟ್ಟಿಗೋ ಸಿಕ್ಕಿಸುವ ಹಾಗೆ ಮಾಡಿದ್ದೇನೆ. ಸೆರಗಿನ ಮೇಲೆ ಲಘು ಮಾತ್ರ ಇನ್ನೂ ತಿಳಿಯುತ್ತಿಲ್ಲ. ಅಲ್ಲಿಗೆ ಅದನ್ನು 160ಕ್ಕೆ, ಗುರುವನ್ನು 640ಕ್ಕೆ ಏರಿಸಿ ನೋಡುತ್ತಿದ್ದೇನೆ.