ಒಂದೇ ಕಾರಿಗೆ ಎರಡು ಮಾದರಿ

ನನ್ನ ಸಂಗ್ರಹದಲ್ಲಿ ರೇಸ್ ಕಾರುಗಳ ಪುಟ್ಟ ಮಾದರಿಗಳು ಜೋಡಿಯಾಗಿ ನಿಂತಿವೆ. ಜೋಡಿ ಎಂದಾಗ ನೋಡಲು ಬಂದವರು ಪರಸ್ಪರ ಪೈಪೋಟಿ ನಡೆಸಿದ ಎರಡು ಕಾರುಗಳನ್ನು ಊಹಿಸಿಕೊಳ್ಳುತ್ತಾರೆ. ಆದರೆ ಇಲ್ಲಿ ಪ್ರತಿ ಜೋಡಿಯಲ್ಲೂ ಇರುವುದು ಒಂದೇ ಕಾರು. ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ಕಾರು ಓಟವನ್ನು ಎರಡು ಬೇರೆ ಬೇರೆ ವರ್ಷಗಳಲ್ಲಿ ಗೆದ್ದ ಅದೇ ಚಾಸಿಯ, ಅಂದರೆ ಅದೇ ಮೂಲ ಚೌಕಟ್ಟಿನ, ಎರಡು ಮಾದರಿಗಳನ್ನು ಅಕ್ಕಪಕ್ಕ ನಿಲ್ಲಿಸುವುದೇ ನನ್ನ ಸಂಗ್ರಹದ ನಿಯಮ. ಹಾಗೆ ನಾನು ಆರಿಸಿಕೊಂಡ ಕಾರುಗಳು ನಾಲ್ಕು: 1929 ಮತ್ತು 1930ರಲ್ಲಿ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್, 1968 ಮತ್ತು 1969ರಲ್ಲಿ ಗೆದ್ದ 1075 ಚಾಸಿ ಸಂಖ್ಯೆಯ ಫೋರ್ಡ್ ಜಿಟಿ40, 1984 ಮತ್ತು 1985ರಲ್ಲಿ ಗೆದ್ದ ಯೋಸ್ಟ್ ತಂಡದ ಪೋರ್ಷೆ 956-117, 1996 ಮತ್ತು 1997ರಲ್ಲಿ ಗೆದ್ದ ಅದೇ ತಂಡದ ಡಬ್ಲ್ಯುಎಸ್‌ಸಿ95.

ಈ ನಿಯಮ ಹುಟ್ಟಿದ್ದು ಆಯ್ಕೆಯ ಕಷ್ಟದಿಂದ. ಗಂಟೆಗಟ್ಟಲೆ ನಡೆಯುವ ಎಂಡ್ಯೂರೆನ್ಸ್ ರೇಸಿಂಗಿನ ಹಳೆಯ ಕಾರುಗಳ ಮಾದರಿಗಳಿಗೆ ಕೊನೆಯೆಂಬುದೇ ಇಲ್ಲ. ಪೋರ್ಷೆ 917 ಒಂದನ್ನೇ ತೆಗೆದುಕೊಳ್ಳಿ: 1970ರಲ್ಲಿ ಗೆದ್ದ 23ನೆಯ ಸಂಖ್ಯೆಯ ಕೆಂಪು ಬಿಳಿ ಕಾರು, ಅದೇ ವರ್ಷ ಎರಡನೆಯ ಸ್ಥಾನ ಪಡೆದ ನೇರಳೆ ಹಸಿರಿನ ಉದ್ದ ಬಾಲದ ಕಾರು, 1971ರಲ್ಲಿ 5,335 ಕಿಲೋಮೀಟರ್ ಓಡಿ 2010ರವರೆಗೆ ಯಾರೂ ಮುರಿಯದ ದೂರದ ದಾಖಲೆ ಬರೆದ 22ನೆಯ ಸಂಖ್ಯೆಯ ಮಾರ್ಟಿನಿ ಕಾರು, ಮೈಮೇಲೆ ಮಾಂಸದ ತುಂಡುಗಳ ಹೆಸರು ಬರೆಸಿಕೊಂಡ ಗುಲಾಬಿ ಬಣ್ಣದ 917/20. ಇವೆಲ್ಲ ಬೇಕೆಂದು ಹೊರಟವನು ಒಂದು ಕೋಣೆಯನ್ನು ತುಂಬಿಸಬಹುದು, ಆದರೆ ಯಾವ ಕಾರನ್ನೂ ಸಾವಧಾನವಾಗಿ ನೋಡಿರುವುದಿಲ್ಲ. ಒಂದು ವರ್ಷದ ಅಂತರದಲ್ಲಿ ಒಂದೇ ಕಾರು ಏನಾಯಿತು ಎಂದು ಕೇಳಿಕೊಂಡರೆ ಮಾತ್ರ ಅದರ ಪ್ರತಿಯೊಂದು ತಿರುಪನ್ನೂ ನೋಡಬೇಕಾಗುತ್ತದೆ. ನನಗೆ ಬೇಕಾಗಿದ್ದುದು ಆ ನೋಟ.

ಮೊದಲು ಕೈಹಾಕಿದ್ದು ಜಿಟಿ40ಕ್ಕೆ. ಗಲ್ಫ್ ತೈಲ ಕಂಪನಿಯ ತಿಳಿನೀಲಿ ಮೈ, ನಡುವೆ ಕಿತ್ತಳೆ ಪಟ್ಟಿ; 1968ರಲ್ಲಿ 9ನೆಯ ಸಂಖ್ಯೆ, ಚಾಲಕರು ಪೆಡ್ರೊ ರಾಡ್ರಿಗೆಸ್ ಮತ್ತು ಲೂಸಿಯಾಂ ಬಿಯಾಂಕಿ; 1969ರಲ್ಲಿ 6ನೆಯ ಸಂಖ್ಯೆ, ಜಾಕಿ ಇಕ್ಸ್ ಮತ್ತು ಜಾಕಿ ಆಲಿವರ್. ಸಂಖ್ಯೆ ಬದಲಿಸಿದರೆ ಜೋಡಿ ಸಿದ್ಧ ಎಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ಆ ಎರಡು ಓಟಗಳನ್ನು ಕಣ್ಣಾರೆ ಕಂಡ ಹಿರಿಯ ಅಭಿಮಾನಿಗಳು ಮಾತನಾಡುವುದನ್ನು ಕೇಳಿದಾಗ, ಅವರು ಎರಡು ಬೇರೆ ಕಾರುಗಳನ್ನೇ ಕಂಡವರಂತೆ ವರ್ಣಿಸುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. 1968ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಾದ ಗಲಭೆಗಳಿಂದಾಗಿ ಆ ವರ್ಷದ ಓಟ ಜೂನ್‌ನಿಂದ ಸೆಪ್ಟೆಂಬರ್ ಕೊನೆಗೆ ಮುಂದೂಡಲ್ಪಟ್ಟಿತ್ತು. ಹಗಲು ರಾತ್ರಿಗಳು ಸಮನಾಗುವ ದಿನ ಆಗಷ್ಟೇ ದಾಟಿದ್ದರಿಂದ ಓಟದ ಅರ್ಧದಷ್ಟು ಭಾಗ ಕತ್ತಲಲ್ಲಿ ನಡೆಯಿತು. ಹೀಗಾಗಿ ಅವರ ನೆನಪಿನ 9ನೆಯ ಸಂಖ್ಯೆಯ ಕಾರು ದೀಪಗಳ ಕಾರು: ಎದುರಿನಿಂದ ಬರುವ ಬೆಳಕು, ಪಕ್ಕದ ಬಿಳಿ ವೃತ್ತದ ಮೇಲೆ ಸಂಖ್ಯೆ ಕಾಣಲೆಂದು ಕೂರಿಸಿದ ಪುಟ್ಟ ದೀಪ, ಒದ್ದೆ ರಸ್ತೆಯ ಹೊಳಪು. 1969ರ ಕಾರಾದರೋ ಹಗಲಿನದು. ಫ್ರಾನ್ಸಿನ ಅಧ್ಯಕ್ಷೀಯ ಚುನಾವಣೆಯ ಕಾರಣ ಆ ವರ್ಷ ಓಟ ಮಧ್ಯಾಹ್ನ ಎರಡು ಗಂಟೆಗೇ ಆರಂಭವಾಯಿತು. ಚಾಲಕರು ರಸ್ತೆ ದಾಟಿ ಓಡಿಹೋಗಿ ಕಾರು ಹತ್ತುವ ಹಳೆಯ ಪದ್ಧತಿಯನ್ನು ಪ್ರತಿಭಟಿಸಿ ಇಕ್ಸ್ ನಿಧಾನವಾಗಿ ನಡೆದುಕೊಂಡು ಹೋದರು, ಬೆಲ್ಟನ್ನು ಸರಿಯಾಗಿ ಬಿಗಿದುಕೊಂಡ ಮೇಲೆಯೇ ಹೊರಟರು. ಕೊನೆಯಲ್ಲಿ ಹಾನ್ಸ್ ಹೆರ್ಮಾನ್ ಅವರ ಪೋರ್ಷೆ 908ನ್ನು ಸುಮಾರು 120 ಮೀಟರ್ ಅಂತರದಿಂದ ಸೋಲಿಸಿದರು. ಅಂಥ ಆರಂಭ ಲೆ ಮಾನ್‌ನಲ್ಲಿ ಮತ್ತೆ ನಡೆಯಲಿಲ್ಲ.

ಇದರಿಂದಾಗಿ ಮಾದರಿಗೆ ವರ್ಷವನ್ನಷ್ಟೇ ಅಲ್ಲದೆ ಗಳಿಗೆಯನ್ನೂ ಗೊತ್ತುಮಾಡಬೇಕೆಂಬ ತೀರ್ಮಾನಕ್ಕೆ ಬಂದೆ. 24 ಗಂಟೆ ಓಡುವ ಕಾರು ಆರಂಭದಲ್ಲಿದ್ದಂತೆ ಕೊನೆಯಲ್ಲಿ ಇರುವುದಿಲ್ಲ. ಮೂತಿಯ ಮೇಲೆ ಹುಳುಗಳು ಅಪ್ಪಳಿಸಿರುತ್ತವೆ, ಮುಂದಿನ ಚಕ್ರಗಳ ಮೇಲೆ ಬ್ರೇಕಿನ ಪುಡಿ ಕೂತಿರುತ್ತದೆ, ಹಿಂಭಾಗದ ಮೇಲೆ ಎಣ್ಣೆ ಮತ್ತು ಮಸಿಯ ಗೆರೆಗಳು ಹರಡಿರುತ್ತವೆ, ಎಲ್ಲಿಯೋ ಒಂದು ಕಡೆ ಟೇಪ್ ಅಂಟಿರುತ್ತದೆ. ನಾನು 9ನೆಯ ಸಂಖ್ಯೆಯ ಕಾರನ್ನು ಆರಂಭಕ್ಕೆ ಮುಂಚಿನ ಸ್ಥಿತಿಯಲ್ಲೂ 6ನೆಯದನ್ನು ಗೆಲುವಿನ ಗೆರೆ ದಾಟಿದ ಮೇಲಿನ ಸ್ಥಿತಿಯಲ್ಲೂ ಮಾಡಿದೆ. ಛಾಯಾಚಿತ್ರದಲ್ಲಿ ಕಾಣುವಷ್ಟೇ ಕೊಳೆ. ಕೈಚಳಕ ತೋರಿಸಲು ಬಳಿಯುವ ಕೊಳೆ ನನಗೆ ಸಹ್ಯವಾಗದು.

ಅತಿ ಹೆಚ್ಚು ಸಮಯ ತಿಂದದ್ದು ಆ ನೀಲಿ. ಕಾರನ್ನು ನೋಡಿದವರಲ್ಲಿ ಒಬ್ಬರು ಅದು ಬಹುತೇಕ ಬಿಳಿಯೇ ಆಗಿತ್ತು ಎನ್ನುತ್ತಾರೆ, ಇನ್ನೊಬ್ಬರು ಆಕಾಶಕ್ಕಿಂತ ಗಾಢವಾಗಿತ್ತು ಎಂದು ಪಣ ಕಟ್ಟುತ್ತಾರೆ; ಬೆಳಗಿನ ಮಂಜಿನಲ್ಲಿ ಕಂಡವರೂ ಮಧ್ಯಾಹ್ನದ ಬಿಸಿಲಿನಲ್ಲಿ ಕಂಡವರೂ ತಮ್ಮ ಮಟ್ಟಿಗೆ ಸತ್ಯವನ್ನೇ ಹೇಳುತ್ತಿರುತ್ತಾರೆ. ಹಳೆಯ ಸ್ಲೈಡುಗಳನ್ನು ನೋಡಿ ಇತ್ಯರ್ಥ ಮಾಡೋಣವೆಂದರೆ ಅವೂ ಪೂರ್ಣ ವಿಶ್ವಾಸಾರ್ಹವಲ್ಲ. ಕೊಡಾಕ್ರೋಮ್ ಫಿಲ್ಮನ್ನು ಕತ್ತಲಲ್ಲಿಟ್ಟರೆ ದಶಕಗಟ್ಟಲೆ ಬಣ್ಣ ಉಳಿಸಿಕೊಳ್ಳುತ್ತದೆ, ಆದರೆ ಪ್ರೊಜೆಕ್ಟರ್ ಬೆಳಕಿಗೆ ಮತ್ತೆ ಮತ್ತೆ ಒಡ್ಡಿದರೆ ಮಾಸುತ್ತದೆ. ಅಂದಿನ ಬೇರೆ ಹಲವು ಫಿಲ್ಮುಗಳು ಕಾಲ ಕಳೆದಂತೆ ಕೆಂಪು ಛಾಯೆಗೆ ತಿರುಗುತ್ತವೆ. ಆದ್ದರಿಂದ ನಾನು ಚಿತ್ರದಲ್ಲಿ ನೀಲಿಯನ್ನು ನೋಡುವ ಮೊದಲು ಬಿಳಿಯನ್ನು ನೋಡುತ್ತೇನೆ. ಸಂಖ್ಯೆ ಬರೆದ ವೃತ್ತ ಬಿಳಿಯಾಗಿತ್ತೆಂಬುದು ಖಚಿತ. ಆ ವೃತ್ತ ಚಿತ್ರದಲ್ಲಿ ಎಷ್ಟು ಹಳದಿಗೋ ಗುಲಾಬಿಗೋ ತಿರುಗಿದೆಯೋ ಅಷ್ಟನ್ನು ನೀಲಿಯಿಂದಲೂ ಕಳೆಯಬೇಕು. ಹೀಗೆ ಹಲವು ಚಿತ್ರಗಳಿಂದ ಬಂದ ನೀಲಿಗಳನ್ನು ಕಾಗದದ ಮೇಲೆ ಬಳಿದು ಹೋಲಿಸಿ ಒಂದನ್ನು ಆರಿಸಿದೆ, ಅದಕ್ಕೆ ಸ್ವಲ್ಪ ಬಿಳಿ ಬೆರೆಸಿದೆ. ಏಕೆಂದರೆ ನಿಜವಾದ ಕಾರಿನ ಬಣ್ಣವನ್ನೇ ಅಂಗೈಯಗಲದ ಮಾದರಿಗೆ ಬಳಿದರೆ ಅದು ಇರಬೇಕಾದುದಕ್ಕಿಂತ ಗಾಢವಾಗಿ ಕಾಣುತ್ತದೆ. ಈ ಬೆರಕೆಯನ್ನು ಒಪ್ಪದ ಹವ್ಯಾಸಿಗಳೂ ಇದ್ದಾರೆ, ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಕಪಾಟಿನ ಮುಂದೆ ನಿಂತಾಗ ನನ್ನ ಕಣ್ಣು ನನ್ನ ಕಡೆಗಿದೆ.

ನಾನು ಕೆಲಸ ಮಾಡುವುದು 1:43 ಅಳತೆಯಲ್ಲಿ. ಆಟಿಕೆ ರೈಲುಗಳ ‘ಓ’ ಗೇಜಿನ ಜೊತೆಗೆ ಬೆಳೆದು ಬಂದ ಈ ಅಳತೆಯಲ್ಲಿ ರೇಸ್ ಕಾರು ಸುಮಾರು ಹತ್ತು ಸೆಂಟಿಮೀಟರ್ ಉದ್ದವಾಗುತ್ತದೆ. ನೆಲದಿಂದ 40 ಇಂಚು ಎತ್ತರವಿದ್ದುದರಿಂದಲೇ ಹೆಸರು ಪಡೆದ ಜಿಟಿ40 ಇಲ್ಲಿ 24 ಮಿಲಿಮೀಟರಿಗೂ ಕಡಿಮೆ. ಅಷ್ಟು ಚಿಕ್ಕದರಲ್ಲಿ ಬಣ್ಣದ ದಪ್ಪವೇ ಶತ್ರು. ನಿಜವಾದ ಕಾರಿನಲ್ಲಿ ಬಾಗಿಲಿನ ಸುತ್ತ 3 ಮಿಲಿಮೀಟರ್ ಸಂದಿಯಿದ್ದರೆ ಮಾದರಿಯಲ್ಲಿ ಅದು 0.07 ಮಿಲಿಮೀಟರ್, ಪ್ರೈಮರ್, ಬಣ್ಣ, ಮೇಲಿನ ವಾರ್ನಿಶ್ ಸೇರಿದರೆ ಆ ಸಂದಿ ಮುಚ್ಚಿಯೇಹೋಗುತ್ತದೆ. ಹಾಗಾಗಿ ರೆಸಿನ್ ಎಂಬ ಗಟ್ಟಿ ರಾಳದಲ್ಲಿ ಅಚ್ಚುಹಾಕಿದ ಕಿಟ್ಟನ್ನು ಸಾಬೂನು ನೀರಿನಲ್ಲಿ ತೊಳೆದು, ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡನ್ನು ತೆಗೆದ ಕೂಡಲೇ ಎಲ್ಲ ಗೆರೆಗಳನ್ನೂ ಸೂಜಿಯಿಂದ ಇನ್ನಷ್ಟು ಆಳವಾಗಿ ಕೊರೆಯುತ್ತೇನೆ, ಬಣ್ಣವನ್ನು ತೆಳುವಾದ ಪದರಗಳಲ್ಲಿ ಏರ್‌ಬ್ರಷ್ಷಿನಿಂದ ಹಾಕುತ್ತೇನೆ. ಗಾಜಿನ ಭಾಗಗಳಿಗೆ ಸೂಪರ್‌ಗ್ಲೂ ಹತ್ತಿರ ಸುಳಿಯಬಾರದು. ಅದರ ಆವಿ ಗಾಜಿನ ಮೇಲೆ ಬಿಳಿ ಮಬ್ಬು ಕೂರಿಸುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟು ಸಾಕು.

ಪೋರ್ಷೆ 956-117ರ ಜೋಡಿ ಇನ್ನೊಂದು ಬಗೆಯ ಪರೀಕ್ಷೆ. ಎರಡೂ ವರ್ಷ ನ್ಯೂ ಮ್ಯಾನ್ ಎಂಬ ಪ್ರಾಯೋಜಕ ಕಂಪನಿಯ ಅದೇ ಹಳದಿ ವೇಷ, ಎರಡೂ ವರ್ಷ ಅದೇ 7ನೆಯ ಸಂಖ್ಯೆ. 1984ರಲ್ಲಿ ನಿಯಮಗಳ ಜಗಳದಿಂದ ಪೋರ್ಷೆಯ ಕಾರ್ಖಾನೆ ತಂಡವೇ ಓಟಕ್ಕೆ ಬಂದಿರಲಿಲ್ಲವಾದ್ದರಿಂದ ಆ ಗೆಲುವನ್ನು ಹಗುರವಾಗಿ ಕಂಡವರಿದ್ದರು. ಮರುವರ್ಷ ಕಾರ್ಖಾನೆಯ ಹೊಸ 962ಗಳು ಕಣದಲ್ಲಿದ್ದಾಗಲೂ ಖಾಸಗಿ ತಂಡದ ಈ ಹಳೆಯ ಕಾರು ಗೆದ್ದಾಗ ಅವರು ಬಾಯಿ ಮುಚ್ಚಬೇಕಾಯಿತು. ಓಟಕ್ಕೆ ಇಂತಿಷ್ಟೇ ಇಂಧನ ಎಂಬ, ಅಂದಿನ ಗ್ರೂಪ್ ಸಿ ವರ್ಗದ ಕಾರುಗಳ ನಿಯಮದಡಿ ವೇಗದಷ್ಟೇ ಮಿತವ್ಯಯವೂ ಗೆಲ್ಲಿಸುತ್ತಿತ್ತೆಂಬುದಕ್ಕೆ ಅದು ಒಳ್ಳೆಯ ಉದಾಹರಣೆ. ಅಭಿಮಾನಿಗಳ ನೆನಪಿನಲ್ಲಿ ಈ ಎರಡು ವರ್ಷಗಳು ಬೆರೆತುಹೋಗಿವೆ, ಅದು ಸಹಜವೇ. ಮಾದರಿಯಲ್ಲಿ ಅವುಗಳನ್ನು ಬೇರ್ಪಡಿಸುವುದು ಸಣ್ಣ ಅಕ್ಷರಗಳು, ಮುಖ್ಯವಾಗಿ ಚಾಲಕರ ಹೆಸರುಗಳು. 1984ರಲ್ಲಿ ಕ್ಲಾಸ್ ಲುಡ್‌ವಿಗ್ ಮತ್ತು ಆನ್ರಿ ಪೆಸ್ಕರೊಲೊ. 1985ರಲ್ಲಿ ಲುಡ್‌ವಿಗ್, ಪಾವೊಲೊ ಬರಿಲ್ಲಾ ಮತ್ತು ಜಾನ್ ವಿಂಟರ್. ಈ ಜಾನ್ ವಿಂಟರ್ ಎಂಬುದು ಲೂಯಿಸ್ ಕ್ರಾಗೆಸ್ ಎಂಬ ಜರ್ಮನ್ ಉದ್ಯಮಿ ಇಟ್ಟುಕೊಂಡಿದ್ದ ಹುಸಿ ಹೆಸರು. ತಾನು ರೇಸ್ ಓಡಿಸುವುದು ತಾಯಿಗೆ ತಿಳಿಯದಿರಲಿ ಎಂಬುದು ಅದರ ಹಿಂದಿನ ಕಾರಣವೆಂದು ಹೇಳುತ್ತಾರೆ. ಲೆ ಮಾನ್ ಗೆದ್ದ ಮೇಲೆ ಅದು ಎಷ್ಟು ದಿನ ಗುಟ್ಟಾಗಿ ಉಳಿದೀತು!

ಇಂಥ ಅಕ್ಷರಗಳೆಲ್ಲ ನೀರಿನಲ್ಲಿ ನೆನೆಸಿ ಜಾರಿಸುವ, ಡೆಕಾಲ್ ಎಂಬ ತೆಳು ಅಂಟುಚಿತ್ರಗಳು. ಹೊಳಪಿನ ಮೈ ಮೇಲೆ ಮಾತ್ರ ಅವು ಸರಿಯಾಗಿ ಕೂರುತ್ತವೆ. ಒರಟು ಮೈಯಲ್ಲಿ ಅಡಿಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತವೆ. 956ರ ಮೈಯ ಬಾಗುಗಳ ಮೇಲೆ ಡೆಕಾಲನ್ನು ಮೆತ್ತಗಾಗಿಸುವ ದ್ರಾವಣ ಹಚ್ಚಿದಾಗ ಅದು ಮೊದಲು ಸುಕ್ಕುಗಟ್ಟುತ್ತದೆ. ಆಗ ಗಾಬರಿಯಿಂದ ಬೆರಳಿಟ್ಟರೆ ಕೆಟ್ಟಿತು, ಸುಮ್ಮನೆ ಬಿಟ್ಟರೆ ಒಣಗುತ್ತಾ ತಾನಾಗಿಯೇ ಬಿಗಿದುಕೊಳ್ಳುತ್ತದೆ. ಹಳದಿಗಟ್ಟಿದ ಹಳೆಯ ಡೆಕಾಲ್ ಹಾಳೆಯನ್ನು ಪಾರದರ್ಶಕ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿದರೆ ಬಹುಪಾಲು ಬೆಳ್ಳಗಾಗುತ್ತದೆ. ಇನ್ನೊಂದು ಮಾತು: ಆ ಕಾಲದ ಹೆಸರಾಂತ ವೇಷಗಳು ಅನೇಕವು ಸಿಗರೇಟು ಕಂಪನಿಗಳವು. 1982ರಲ್ಲಿ 1, 2, 3ನೆಯ ಸಂಖ್ಯೆಗಳನ್ನೇ ಧರಿಸಿ ಅದೇ ಕ್ರಮದಲ್ಲಿ ಗೆದ್ದ ರಾತ್‌ಮನ್ಸ್ 956ಗಳು, 1988ರಲ್ಲಿ ಗೆದ್ದ ಸಿಲ್ಕ್ ಕಟ್ ಜಾಗ್ವಾರ್ ಎಕ್ಸ್‌ಜೆಆರ್-9 ಇವುಗಳ ಸಿದ್ಧ ಮಾದರಿಗಳು ಸಾಮಾನ್ಯವಾಗಿ ಹೆಸರಿನ ಜಾಗ ಖಾಲಿ ಬಿಟ್ಟುಕೊಂಡೇ ಬರುತ್ತವೆ, ಅಕ್ಷರಗಳನ್ನು ಬೇರೆ ಕಡೆಯಿಂದ ತಂದು ಹಚ್ಚಬೇಕು. ನನ್ನ ಜೋಡಿಗಳಿಗೆ ಆ ಪೇಚು ಇಲ್ಲದಿರುವುದು ಸಮಾಧಾನ.

ಬೆಂಟ್ಲಿ ಜೋಡಿಯಲ್ಲಿ ತೊಡಕು ಬೇರೆ: ಇದನ್ನು ಒಂದೇ ಕಾರು ಎನ್ನಬಹುದೇ? 1929ರಲ್ಲಿ 1ನೆಯ ಸಂಖ್ಯೆಯೊಂದಿಗೆ ವುಲ್ಫ್ ಬರ್ನಾಟೊ ಮತ್ತು ಟಿಮ್ ಬರ್ಕಿನ್, 1930ರಲ್ಲಿ 4ನೆಯ ಸಂಖ್ಯೆಯೊಂದಿಗೆ ಬರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ ಇದನ್ನು ಗೆಲ್ಲಿಸಿದರು. ಆಮೇಲೆ ದೊಡ್ಡ 8 ಲೀಟರ್ ಎಂಜಿನ್ ಕೂರಿಸಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಓಡಿಸಿದರು. 1932ರಲ್ಲಿ ಅಲ್ಲಿಯ ಅಪಘಾತದಲ್ಲಿ ಕ್ಲೈವ್ ಡನ್‌ಫೀ ತೀರಿಕೊಂಡರು, ಕಾರು ಮತ್ತೆ ಕಟ್ಟಲ್ಪಟ್ಟಿತು. ಗೆದ್ದ ದಿನದ ಭಾಗಗಳು ಅದರಲ್ಲಿ ಎಷ್ಟು ಉಳಿದಿವೆ ಎಂಬ ವ್ಯಾಜ್ಯ 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದವರೆಗೆ ಹೋಯಿತು. ಭಾಗಗಳು ಬದಲಾದರೂ ಇತಿಹಾಸ ತುಂಡಾಗಿಲ್ಲ, ಆದ್ದರಿಂದ ಇದೇ ನಿಜವಾದ ಓಲ್ಡ್ ನಂಬರ್ ಒನ್ ಎಂದು ತೀರ್ಪು ಬಂತು. ಎಂಡ್ಯೂರೆನ್ಸ್ ಕಾರಿಗೆ ಈ ತರ್ಕ ಸರಿಯಾಗಿಯೇ ಹೊಂದುತ್ತದೆ ಎಂದು ನನಗೆ ತೋರುತ್ತದೆ. ಓಟದ ನಡುವೆಯೇ ಮೂತಿ, ಬಾಗಿಲು, ಬ್ರೇಕ್ ಬದಲಿಸಿಕೊಳ್ಳುವ ಕಾರಿಗೆ ಚಾಸಿಯ ಸಂಖ್ಯೆಯನ್ನು ಬಿಟ್ಟರೆ ಬೇರೆ ಗುರುತೇನಿದೆ? ಈ ಬೆಂಟ್ಲಿಗಳ ಮೈಗೆ ಬಟ್ಟೆಯ ಹೊದಿಕೆ ಇದ್ದುದರಿಂದ ಹಸಿರು ಬಣ್ಣಕ್ಕೆ ಕನ್ನಡಿಯಂಥ ಹೊಳಪು ಕೊಡಬಾರದು. ಅರೆಹೊಳಪಿನ ವಾರ್ನಿಶ್ ಬಳಸಿದೆ.

ಇವೆಲ್ಲವನ್ನೂ ಕಾಪಾಡುವುದು ಪ್ರತ್ಯೇಕ ಕೆಲಸ. ನೇರ ಬಿಸಿಲು ಡೆಕಾಲಿನ ಬಣ್ಣವನ್ನು ಮಾಸಿಸುತ್ತದೆ, ರೆಸಿನನ್ನು ಹಳದಿ ಮಾಡುತ್ತದೆ, ಬಿಸಿ ರೆಸಿನ್ ಮೈಯನ್ನು ಡೊಂಕಾಗಿಸುತ್ತದೆ. ಮೆದು ಪ್ಲಾಸ್ಟಿಕ್ ಟಯರುಗಳಿಂದ ಒಸರುವ ಎಣ್ಣೆಯಂಥ ವಸ್ತು ಪ್ಲಾಸ್ಟಿಕ್ ಪೀಠವನ್ನು ಕರಗಿಸುವುದರಿಂದ ಕಾರನ್ನು ತಿರುಪಿನ ಮೇಲೆ ಕೂದಲೆಳೆಯಷ್ಟು ಎತ್ತಿ ನಿಲ್ಲಿಸುತ್ತೇನೆ. ಹಳೆಯ ಲೋಹದ ಮಾದರಿಗಳನ್ನು ಕೊಳ್ಳುವಾಗ ಚಕ್ರದ ಸುತ್ತಲೂ ಬಾಗಿಲಂಚಿನಲ್ಲೂ ಸೂಕ್ಷ್ಮ ಬಿರುಕು, ಊತ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡುತ್ತೇನೆ. ಸತುವಿನ ಮಿಶ್ರಲೋಹದಲ್ಲಿ ಸೀಸದ ಕಲ್ಮಶ ಸೇರಿದ್ದರೆ ಅದು ಒಳಗಿನಿಂದಲೇ ಪುಡಿಯಾಗುತ್ತದೆ, ಅದಕ್ಕೆ ಮದ್ದಿಲ್ಲ. ಪ್ರತಿ ಪೀಠದ ಅಡಿಯಲ್ಲೂ ಚಾಸಿ ಸಂಖ್ಯೆ, ದಿನಾಂಕ, ನಾನು ಆರಿಸಿಕೊಂಡ ಗಳಿಗೆ ಮತ್ತು ಆಧಾರವಾದ ಛಾಯಾಚಿತ್ರದ ವಿವರ ಬರೆದಿಡುತ್ತೇನೆ.

ಡಬ್ಲ್ಯುಎಸ್‌ಸಿ95 ಜೋಡಿಯಲ್ಲಿ ಒಂದು ಮಾತ್ರ ಮುಗಿದಿದೆ. ಜಾಗ್ವಾರ್ ಎಕ್ಸ್‌ಜೆಆರ್-14ರ ಒಡಲಿಗೆ ಪೋರ್ಷೆ ಎಂಜಿನ್ ಕೂರಿಸಿ, ಮೇಲ್ಛಾವಣಿ ತೆಗೆದು ಮಾಡಿದ ಈ ಕಾರು 1996ರಲ್ಲಿ 7ನೆಯ ಸಂಖ್ಯೆಯಲ್ಲಿ ಗೆದ್ದಾಗ ಚಾಲಕರಲ್ಲೊಬ್ಬರಾದ ಅಲೆಕ್ಸಾಂಡರ್ ವುರ್ಟ್ಸ್‌ಗೆ 22 ವರ್ಷ. 1997ರಲ್ಲೂ ಅದೇ 7ನೆಯ ಸಂಖ್ಯೆಯಲ್ಲಿ ಗೆದ್ದಾಗ ಟಾಮ್ ಕ್ರಿಸ್ಟೆನ್ಸನ್ ತಮ್ಮ ಒಂಬತ್ತು ಗೆಲುವುಗಳಲ್ಲಿ ಮೊದಲನೆಯದನ್ನು ಪಡೆದರು. 1997ರ ಕಾರಿನ ಎಡಬದಿಯ ಚಿತ್ರಗಳು ಬೇಕಾದಷ್ಟಿವೆ, ಏಕೆಂದರೆ ಮುಖ್ಯ ಪ್ರೇಕ್ಷಕರ ಗ್ಯಾಲರಿ ಇರುವುದು ಆ ಬದಿಗೆ. ಇಂಧನ ತುಂಬಿಸಿಕೊಳ್ಳಲು ಕಾರು ನಿಲ್ಲುವ ಪಿಟ್ ಕಡೆಗೆ ತಿರುಗಿರುವ ಬಲಬದಿಯ ಹಿಂಭಾಗ ಓಟದ ಕೊನೆಯ ಗಂಟೆಗಳಲ್ಲಿ ಹೇಗಿತ್ತೆಂದು ತೋರಿಸುವ ಸ್ಪಷ್ಟವಾದ ಚಿತ್ರ ಕೈಗೆ ಸಿಗುವವರೆಗೆ ಆ ಬದಿಗೆ ನಾನು ಡೆಕಾಲ್ ಹಚ್ಚುವುದಿಲ್ಲ.