ಗುಳಿಗೆ ಶುರು ಮಾಡೋ ಮುಂಚೆ ಬಿಪಿ ನೋಡಿಸಿ

ಮೊನ್ನೆ ಹುಬ್ಬಳ್ಳಿಯಿಂದ ತಂಗಿ ಫೋನ್ ಮಾಡಿ, "ಅಕ್ಕಾ, ಗರ್ಭ ನಿಲ್ಲದ ಗುಳಿಗೆ ತಗೊಂಡ್ರೆ ಮುಂದೆ ಮಕ್ಕಳೇ ಆಗೋದಿಲ್ಲಂತೆ, ಖರೆ ಏನು?" ಅಂತ ಕೇಳಿದಳು. ಖರೆ ಅಲ್ಲ. ಗುಳಿಗೆ ಬಿಟ್ಟ ಮೇಲೆ ಗರ್ಭ ನಿಲ್ಲುತ್ತದೆ. ಹಾಗಂತ ಗೆಳತಿ ಹೇಳಿದ ಹೆಸರು ಕೇಳಿ ಸುಮ್ನೆ ಅಂಗಡಿಯಿಂದ ತರಬೇಡಿ.

ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ ಆಗಲಿ, ನಿಮ್ಮ ಹತ್ತಿರದ ಸರ್ಕಾರಿ ದವಾಖಾನೆ ಆಗಲಿ, ಮೊದಲು ಬಿಪಿ ನೋಡಿಸಿ. ಬಿಪಿ ಜಾಸ್ತಿ ಇದ್ದವರು, ಕಣ್ಣ ಮುಂದೆ ಮಿಂಚು ಬಂದಂತಾಗಿ ಅರ್ಧ ತಲೆ ನೋಯುವವರು, ಹಿಂದೆ ಕಾಲಿನಲ್ಲೋ ಎದೆಯಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, 35 ದಾಟಿ ಬೀಡಿ ಸಿಗರೇಟು ಸೇದುವವರು, 6 ತಿಂಗಳೊಳಗಿನ ಕೂಸಿಗೆ ಎದೆಹಾಲು ಕುಡಿಸುವವರು, ಇವರಿಗೆಲ್ಲ ಮಾಲಾ-ಎನ್ ತರಹದ, ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇರುವ ಗುಳಿಗೆ ಸಾಮಾನ್ಯವಾಗಿ ಬೇಡ. ಹಾರ್ಮೋನ್ ಇಲ್ಲದ 'ಛಾಯಾ' ಗುಳಿಗೆ ಆಗುತ್ತದಾ ಅಂತ ಕೇಳಿ. ಟಿಬಿ ಔಷಧ ನಡೆದಿದ್ದರೆ ಮುಚ್ಚಿಡಬೇಡಿ, ಅದರಲ್ಲಿರುವ ರಿಫಾಂಪಿಸಿನ್ ಅನ್ನೋ ಮದ್ದು ಮಾಲಾ-ಎನ್ ತರಹದ ಗುಳಿಗೆಯ ಶಕ್ತಿ ತಗ್ಗಿಸುತ್ತದೆ.

ಮಾಲಾ-ಎನ್ ತರಹದ ಗುಳಿಗೆಯಿಂದ ಲಾಭವೂ ಇದೆ. ಮುಟ್ಟಿನ ನೋವು, ರಕ್ತಸ್ರಾವ ಕಡಿಮೆಯಾಗುತ್ತದೆ. ಅಂಡಾಶಯದ ಕ್ಯಾನ್ಸರ್ ಅಪಾಯ ಇಳಿಯುತ್ತದೆ, ಆದರೆ ಸ್ತನ ಕ್ಯಾನ್ಸರಿನದು ತುಸು ಏರುತ್ತದೆ. ತಪ್ಪದೆ ತಗೊಂಡರೆ ವರ್ಷಕ್ಕೆ 100ರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲ. ಆದರೆ ನಾವು ಮರೀತೀವಿ ಅಲ್ವಾ, ಅದಕ್ಕೇ ಆ ಲೆಕ್ಕ ಸುಮಾರು 7ಕ್ಕೆ ಹೋಗುತ್ತದೆ. ರಾತ್ರಿ ಊಟ ಆದ ಕೂಡಲೇ ನುಂಗುವ ರೂಢಿ ಮಾಡಿಕೊಳ್ಳಿ.

ಮೊದಲ ಎರಡು ಮೂರು ತಿಂಗಳು ವಾಕರಿಕೆ, ನಡುವೆ ಸ್ವಲ್ಪ ರಕ್ತ ಕಾಣುವುದು ಸಾಮಾನ್ಯ. ಒಂದೇ ಕಾಲು ಬಾತು ನೋಯುವುದು, ಎದೆನೋವು, ಉಸಿರು ಕಟ್ಟುವುದು, ದೃಷ್ಟಿ ಮಂಜಾಗುವುದು ಮಾತ್ರ ಸಾಮಾನ್ಯ ಅಲ್ಲ. ಬೆಳಗಾಗಲಿ ಅಂತ ಕಾಯದೆ ಆಗಲೇ ದವಾಖಾನೆಗೆ ಹೋಗಿ.